ಹುಲಿಗೆಪ್ಪನಿಗೆ ಕೇಳದ ಚಿಟ್ ಸಪ್ಪಳ

ಹುಲಿಗೆಪ್ಪ ತನ್ನ ಕರೆಂಟಿನ ಡ್ರಮ್ ಬಾರಿಸುತ್ತಿದ್ದರೆ ಗೋಡೆಯಾಚೆಗಿನ ನನ್ನ ಕೋಣೆಗೆ ಕೇಳುವುದು ರಬ್ಬರಿನ ಮೇಲೆ ಕೋಲು ಬೀಳುವ ಟಪಟಪ ಸಪ್ಪಳ ಮಾತ್ರ. ಬೋರಲು ಹಾಕಿದ ಪ್ಲಾಸ್ಟಿಕ್ ಬಕೆಟ್ಟಿನ ಮೇಲೆ ನಲ್ಲಿ ಸೋರಿದ ಹಾಗೆ. ಅಸಲಿ ಸಪ್ಪಳ ಇರುವುದು ಅವನು ಕಿವಿಗೆ ಏರಿಸಿಕೊಂಡ ಹೆಡ್‌ಫೋನಿನೊಳಗೆ. ಮೊದಲ ಸಲ ಅವನು ಅದನ್ನು ತೆಗೆದು ನನ್ನ ಕಿವಿಗೆ ಇಟ್ಟಾಗ ನಾನು ಬೆಚ್ಚಿಬಿದ್ದೆ. ಒಳಗೆ ಅವನ ಅಪ್ಪನ ಹಲಗೆ ಮೊಳಗುತ್ತಿತ್ತು. ಅದನ್ನು ಬಾರಿಸುತ್ತಿದ್ದ ಕೈ ಮಣ್ಣಾಗಿ ಎಷ್ಟೋ ವರ್ಷವಾಗಿದೆ.

"ಹೆದರಬ್ಯಾಡ ಚಿಗವ್ವ," ಎಂದು ನಕ್ಕ. "ಅಪ್ಪನ ಹಲಗಿ ಒಂದೊಂದು ಪೆಟ್ಟು ನಾನ ಹೊಡದು ಕಂಪ್ಯೂಟರಿನ್ಯಾಗ ತುಂಬಿಟ್ಟೀನಿ. ರಬ್ಬರ್ ಮುಟ್ಟಿದರ ಹಲಗಿ ಏಳ್ತದ."

ಹುಲಿಗೆಪ್ಪ ನನ್ನ ಅಕ್ಕನ ಮಗ. ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ ಅವನದೂ ನನ್ನದೂ ಅಕ್ಕಪಕ್ಕದ ಕೋಣೆ. ವಾರವಿಡೀ ಒಂದು ಕಾರ್ಖಾನೆಯಲ್ಲಿ ಪೆಟ್ಟಿಗೆ ತುಂಬಿ ಲಾರಿಗೆ ಏರಿಸುವ ಕೆಲಸ. ಗಣಪತಿ, ನವರಾತ್ರಿ, ಮದುವೆ ಬಂದರೆ ದತ್ತುವಿನ ಮೆರವಣಿಗೆ ವಾದ್ಯದ ಬೆಂಜೊ ಪಾರ್ಟಿಯಲ್ಲಿ ಟ್ರಕ್ಕಿನ ಮೇಲೆ ನಿಂತು ಇದೇ ರಬ್ಬರಿನ ಪ್ಯಾಡ್ ಬಾರಿಸುವ ಕೆಲಸ. ಬೆನ್ನ ಹಿಂದೆ ಮನೆಯ ಎತ್ತರಕ್ಕೆ ಪೇರಿಸಿದ ಸ್ಪೀಕರುಗಳು. ಹತ್ತಿರ ಹೋದರೆ ನನ್ನ ಎದೆಯ ಗೂಡು ನಡುಗುತ್ತಿತ್ತು, ಹುಲಿಗೆಪ್ಪ ಮಾತ್ರ ತೊಟ್ಟಿಲಲ್ಲಿ ಕುಳಿತವನ ಹಾಗೆ ಕಣ್ಣು ಮುಚ್ಚಿ ಬಾರಿಸುತ್ತಿದ್ದ.

ಸುರಪುರದ ಕಡೆಯಿಂದ ನಾವು ಪುಣೆಗೆ ಬಂದಾಗ ಅವನು ಅಕ್ಕನ ಬೆನ್ನಿಗೆ ಕಟ್ಟಿದ ಕೂಸು. ಕೋಥರೂಡದಲ್ಲಿ ಕಟ್ಟಡಗಳು ಏಳುತ್ತಿದ್ದವು. ನಾವು ಹೆಂಗಸರು ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಕಬ್ಬಿಣದ ಬುಟ್ಟಿಗಳನ್ನು ಕೈಯಿಂದ ಕೈಗೆ ಮೇಲಕ್ಕೆ ದಾಟಿಸುತ್ತಿದ್ದೆವು. ನಡೆಯಲು ಕಲಿತ ಹುಲಿಗೆಪ್ಪ ಖಾಲಿ ಬುಟ್ಟಿಗಳನ್ನು ಮಗುಚಿ ಹಾಕಿ ಬಡಿಯುತ್ತ ಕೂರುತ್ತಿದ್ದ. ಅವನ ತಾಳಕ್ಕೆ ನಮ್ಮ ಕೈ ತಾನಾಗಿ ಸರಿಯುತ್ತಿತ್ತು. ಕೂಲಿ ನೋಡಿಕೊಳ್ಳುವ ಮುಕಾದಮನಿಗೆ ಇದು ಬಹಳ ಇಷ್ಟ. ಕೂಸು ಮಲಗಿದರೆ "ಎಬ್ಬಸ್ರಿ ಆ ಬಾಜಾದವನನ್ನ, ಕೆಲಸ ನಿಂತದ" ಎಂದು ಕೂಗುತ್ತಿದ್ದ.

ಅವನ ಅಪ್ಪನಿಗೆ ಹಲಗೆ ಎಂದರೆ ಜೀವ. ನಮ್ಮ ಜನರಲ್ಲಿ ದೇವಿಯ ಜಾಗರಣೆ ಇರಲಿ, ಸತ್ತವರ ಮನೆ ಇರಲಿ, ಬಾರಿಸುವ ಮುಂಚೆ ಹುಲ್ಲಿನ ಬೆಂಕಿ ಹಾಕಿ ಹಲಗೆಯ ತೊಗಲು ಕಾಯಿಸಬೇಕು. ಕಾದರೆ ತೊಗಲು ಬಿಗಿಯುತ್ತದೆ. ಬಿಗಿದರೆ ಕಂಚಿನ ಹಾಗೆ ದನಿ ಏಳುತ್ತದೆ. "ತಣ್ಣನ ಹಲಗಿ ಗೊಣಗ್ತದ, ಕಾದ ಹಲಗಿ ಮಾತಾಡ್ತದ" ಎಂದು ಅಪ್ಪ ಮಗನಿಗೆ ಹೇಳಿಕೊಟ್ಟಿದ್ದ. ಬೆಂಕಿಯ ಮುಂದೆ ಅಂಗೈ ಒಡ್ಡಿ, ಹಲಗೆಯ ಬೆನ್ನು ಸವರಿ, ಸಾಕೋ ಇನ್ನೂ ಬೇಕೋ ಎಂದು ಹೇಳುವುದು ಚಿಕ್ಕವನಿದ್ದಾಗಲೇ ಹುಲಿಗೆಪ್ಪನ ಕೆಲಸವಾಗಿತ್ತು.

ಇಷ್ಟು ಹೇಳಿದ ಮೇಲೆ ನನ್ನ ಗಂಡ ಗುರಣ್ಣನ ಸುದ್ದಿಯನ್ನೂ ಹೇಳಬೇಕು. ಹೇಳದಿದ್ದರೆ ನಮ್ಮ ಮನೆಯಲ್ಲಿ ಒಂದು ಸಣ್ಣ ಸಪ್ಪಳಕ್ಕೆ ಎಲ್ಲರೂ ಯಾಕೆ ಅಷ್ಟು ಅಂಜಿದೆವು ಎಂಬುದು ತಿಳಿಯುವುದಿಲ್ಲ. ಅವರು ಬಂಡೆ ಒಡೆಯುವ ಮಷಿನ್ ಹಿಡಿಯುತ್ತಿದ್ದರು. ವರ್ಷಗಳು ಕಳೆದ ಹಾಗೆ ಅವರ ಕಿವಿ ಮಂದವಾಯಿತು. ನಮಗೆಲ್ಲ ಗೊತ್ತಿತ್ತು, ಅವರೊಬ್ಬರು ಒಪ್ಪುತ್ತಿರಲಿಲ್ಲ. ಏನು ಕೇಳಿದರೂ "ಹೂಂ" ಅನ್ನುವರು. ನಾಲ್ಕು ಜನ ನಕ್ಕರೆ, ಅವರ ಮುಖ ನೋಡಿ, ಆಮೇಲೆ ತಾವೂ ನಗುವರು. ಒಂದು ದಿನ ಊಟದ ಬಿಡುವಿನಲ್ಲಿ ಬೀಡಿ ಹಚ್ಚುತ್ತ ನಿಂತಿದ್ದರು. ಮೇಲಿಂದ ಸ್ಲ್ಯಾಬಿಗೆ ಆನಿಸಿದ ಸೆಂಟ್ರಿಂಗ್ ಮರದ ಹಲಗೆಗಳು ಜಾರಿದವು. "ಸರೀರಿ, ಸರೀರಿ" ಎಂದು ಎಲ್ಲರೂ ಕೂಗಿದರು. ಆಗ ಮೀಸೆ ಚಿಗುರುತ್ತಿದ್ದ ಹುಲಿಗೆಪ್ಪ ಗಂಟಲು ಹರಿಯುವ ಹಾಗೆ "ಚಿಗಪ್ಪಾ" ಎಂದು ಕಿರುಚಿದ. ಸುತ್ತಲಿದ್ದವರೆಲ್ಲ ಓಡಿದರು. ಅವರು ಕಡ್ಡಿಪೆಟ್ಟಿಗೆ ಜೇಬಿಗೆ ಇಡುತ್ತ ಅಲ್ಲೇ ನಿಂತಿದ್ದರು.

ಆ ಕೂಗು ಹುಲಿಗೆಪ್ಪನೊಳಗೆ ಇನ್ನೂ ಇದೆ ಎಂದು ನನಗೆ ಗೊತ್ತು. ನನ್ನೊಳಗೂ ಇದೆ.

ಈಗ ಅನುಸೂಯಾ ಬಂದ ದಿನದ ಮಾತು. ಅನುಸೂಯಾ ನಮ್ಮ ಕಡೆಯವಳೇ, ದೇವಿಯ ಹಾಡು ಹಾಡುತ್ತಾಳೆ. ನವರಾತ್ರಿಗೆ ತನ್ನದೊಂದು ಹಾಡು ಮೊಬೈಲಿನಲ್ಲಿ ಎಲ್ಲರೂ ಕೇಳುವಂತೆ ಬರಬೇಕು, ಅದಕ್ಕೆ ಹಲಗೆಯ ಬಾಜಾ ಹುಲಿಗೆಪ್ಪಣ್ಣನೇ ಕೂಡಿಸಿಕೊಡಬೇಕು ಎಂದು ಗಂಟುಬಿದ್ದಿದ್ದಳು. ಅವನು ಬಾರಿಸಿ ರೆಕಾರ್ಡ್ ಮಾಡಿಟ್ಟದ್ದನ್ನು ಕೇಳಲು ಬಂದು ಹೆಡ್‌ಫೋನ್ ಹಾಕಿಕೊಂಡು ಕುಳಿತಳು. ತಲೆದೂಗಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಭಾಳ ಛಲೋ ಆಗ್ಯಾದ ಯಣ್ಣ. ಆದರ ನಡುನಡುವ ಅದೇನು ಚಿಟ್ ಚಿಟ್ ಅಂತದ? ಹಾಡಿಗಿ ಒಗ್ಗರಣಿ ಹಾಕೀದೇನು?"

"ಎಲ್ಲಿ?"

"ಇಲ್ಲೇ. ಈಗ ಬಂತು. ಹಾಂ, ಮತ್ತೊಂದು ಬಂತು."

ಹುಲಿಗೆಪ್ಪ ಹೆಡ್‌ಫೋನ್ ಕಸಿದುಕೊಂಡು ಕೇಳಿದ. ಮತ್ತೆ ಮೊದಲಿನಿಂದ ಕೇಳಿದ. "ಏನೂ ಇಲ್ಲವ್ವಾ. ಸಾಸಿವಿ ನಿನ್ನ ಕಿವ್ಯಾಗ ಸಿಡೀಲಿಕತ್ತಾವ" ಎಂದು ಅವಳನ್ನೇ ಹಾಸ್ಯ ಮಾಡಿದ.

ಅವನ ಹೆಂಡತಿ ರೇಣು ಕೈ ಒರೆಸಿಕೊಂಡು ಬಂದು ಕೇಳಿದಳು. "ಹೌದ್ರಿ, ಅದ" ಎಂದಳು, ಮೆಲ್ಲಗೆ.

ಆಗ ಅವನು ಅದನ್ನು ನನ್ನ ಕಿವಿಗೆ ಇಟ್ಟ. ಹಲಗೆ ಹರಿಯುವ ನೀರಿನ ಹಾಗೆ ಹೋಗುತ್ತಿತ್ತು. ನಡುವೆ ಯಾರೋ ಉಗುರಿನಿಂದ ಗಾಜು ಚಿಮ್ಮಿದ ಹಾಗೆ, ಚಿಟ್. ಸ್ವಲ್ಪ ಬಿಟ್ಟು ಮತ್ತೆ ಚಿಟ್. ಹುಲಿಗೆಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

"ನಿನಗೂ ಕೇಳ್ತದೇನು ಚಿಗವ್ವ?"

ಹಲ್ಲು ಉದುರಿದ ಮುದುಕಿಗೆ ಕೇಳುವುದು ನಡುವಯಸ್ಸಿನ ಬಾಜಾದವನಿಗೆ ಕೇಳಬೇಡವೇ? "ಏನೋ ಸಣ್ಣದು ಅದ ಯಪ್ಪಾ" ಎಂದು ನೆಲ ನೋಡಿದೆ. ಅನುಸೂಯಾ "ಮುದುಕಿ ಕಿವಿ ನೋಡು, ಇಲಿ ಕಿವಿ" ಎಂದು ನಕ್ಕಳು. ರೇಣು ನಕ್ಕಳು. ಹುಲಿಗೆಪ್ಪ ಅವರಿಬ್ಬರ ಮುಖ ನೋಡಿದ, ಆಮೇಲೆ ನಕ್ಕ. ಆ ನಗು ತಡವಾಗಿ ಬಂದದ್ದನ್ನು ನಾನು ಕಂಡೆ.

ಮರುದಿನದಿಂದ ಅವನು ಯಂತ್ರದ ಬೆನ್ನು ಹತ್ತಿದ. ವೈರ್ ಬದಲಿಸಿದ. ಪ್ಲಗ್ಗನ್ನು ಅಡಿಗೆ ಮೂಲೆಯಿಂದ ಬಾಗಿಲ ಬಳಿಗೆ ಒಯ್ದ. ಮೊಬೈಲುಗಳನ್ನೆಲ್ಲ ನನ್ನ ಕೋಣೆಗೆ ಕಳಿಸಿದ. ಡ್ರಮ್ಮಿನ ಕಾಲಿಗೆ ಗೋಣಿ ಕಟ್ಟಿದ. ಏನು ಮಾಡಿದರೂ ರೇಣುವನ್ನು ಕರೆದು "ಈಗ?" ಅನ್ನುವನು. ರೇಣು ತಲೆ ಅಲ್ಲಾಡಿಸುವಳು. ಅವನು ಮತ್ತೊಂದು ವೈರಿಗೆ ಕೈ ಹಾಕುವನು. ತನ್ನ ಕಿವಿಗೆ ಒಂದು ಸಲವೂ ಹಚ್ಚಿಕೊಂಡು ನೋಡಲಿಲ್ಲ ಎಂಬುದು ನನಗೆ ಕಂಡಿತು. ರೇಣುವಿಗೂ ಕಂಡಿರಬೇಕು.

"ಅತ್ತಿ," ಎಂದಳು ರೇಣು ಒಮ್ಮೆ ನೀರು ತುಂಬುವಲ್ಲಿ, "ಹಲಗಿ ತಂದು ಡಬ್ಬ್ಯಾಗ ಹಾಕ್ಯಾರಂತ ದೇವಿ ಸಿಟ್ಟಿಗೆದ್ದಿರಬಹುದೇನ್ರಿ?"

ನಾನು ಹುಲಿಗೆಪ್ಪನಿಗೆ ಮೆಣಸಿನಕಾಯಿ, ಉಪ್ಪಿನಿಂದ ದೃಷ್ಟಿ ಇಳಿಸಿ ಒಲೆಗೆ ಹಾಕಿದೆ. ಆ ಕಂಪ್ಯೂಟರಿಗೂ ಇಳಿಸಿದೆ. ದೇವಿಯ ಸಿಟ್ಟೇ ಆಗಿರಲಿ ಎಂದು ಒಳಗೊಳಗೆ ಬೇಡಿಕೊಂಡೆ. ದೇವಿ ಮುನಿದರೆ ಕಾಯಿ ಒಡೆದು ಕಾಲು ಹಿಡಿಯಬಹುದು. ಕಿವಿ ಮುನಿದರೆ ಯಾರ ಕಾಲು ಹಿಡಿಯುವುದು? ಅವನ ಮಗಳು ಮಾಯಾ ಗಂಡನ ಮನೆ ಸಾಸವಡದಿಂದ ಫೋನ್ ಮಾಡಿದರೆ ಹುಲಿಗೆಪ್ಪ ಈಚೆಗೆ "ಹೂಂ, ಹೂಂ, ತಗೋ ನಿಮ್ಮವ್ವಗ ಕೊಡ್ತೀನಿ" ಎಂದು ಬೇಗ ಬೇಗ ಕೈ ದಾಟಿಸುತ್ತಿದ್ದ. ಮೊದಲು ನಾನು ಅದನ್ನು ಗಂಡಸರ ಸ್ವಭಾವ ಎಂದುಕೊಂಡಿದ್ದೆ.

ರೇಣು ಕೆಲಸಕ್ಕೆ ಹೋಗುವ ಹೊಸ ಫ್ಲ್ಯಾಟುಗಳಲ್ಲಿ ಇಂಪನಾ ಎಂಬ ಹೆಣ್ಣುಮಗಳಿದ್ದಾಳೆ. ಮೈಸೂರಿನ ಕಡೆಯವಳು, ಕಂಪ್ಯೂಟರ್ ಕಂಪನಿಯ ನೌಕರಿ. ಮನೆಯಲ್ಲಿ ಕೀಬೋರ್ಡ್ ಬಾರಿಸಿ ತಾನೇ ಹಾಡು ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ರೇಣು ಅವಳ ಮುಂದೆ ಕಷ್ಟ ಹೇಳಿಕೊಂಡಳು. ಒಂದು ರವಿವಾರ ಅವಳು ಸ್ಕೂಟರ್ ಮೇಲೆ ಬಂದೇಬಿಟ್ಟಳು. ಒಳಗೆ ಬಂದವಳು ಸುತ್ತ ನೋಡಿದಳು. ಬಾಗಿಲಿಗೆ ಒಂದು ಕೌದಿ, ಕಿಟಕಿಗೆ ಒಂದು ಕೌದಿ, ಮೂಲೆಯ ಪೆಟ್ಟಿಗೆಯ ಮೇಲೆ ಇನ್ನೊಂದು ಕೌದಿ.

"ಲ್ಯಾಪ್‌ಟಾಪ್ ಎಲ್ಲಿದೆ ಹುಲಿಗೆಪ್ಪನವರೇ?"

ಅವನು ಮೂಲೆಯ ಕೌದಿ ಎತ್ತಿ ತೋರಿಸಿದ. ಇಂಪನಾ ಅದನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ ದೇವರೇ! ಇದಕ್ಕೇನ್ ಜ್ವರ ಬಂದಿದ್ಯಾ? ಯಾಕ್ ಹೊದಿಸಿದೀರಾ?"

"ಅದರ ಫ್ಯಾನು ಗುರ್ ಅಂತದ್ರಿ ಮೇಡಂ. ಹೊರಗ ನೀರಿನ ಗದ್ದಲ, ಹುಡುಗರ ಗದ್ದಲ. ರೆಕಾರ್ಡಿಂಗಿನ್ಯಾಗ ಬರಬಾರದಂತ."

"ಮೈಕೇ ಇಲ್ವಲ್ಲ! ನಿಮ್ ಡ್ರಮ್ಮಿಂದ ವೈರಲ್ಲಿ ಹೋಗುತ್ತೆ ಸಿಗ್ನಲ್. ಹೊರಗಡೆ ಯುದ್ಧ ಆದ್ರೂ ಇದಕ್ಕೆ ಗೊತ್ತಾಗಲ್ಲ. ಸರಿ, ಇಷ್ಟು ಬಿಸಿ ಆಗಿದ್ದು ನಿಮ್ಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ತಿತ್ರಿ. ದಿನಾ ಕೈ ಇಟ್ಟು ನೋಡ್ತಿದ್ದೆ. ಕಾದದ ಅಂದ ಮ್ಯಾಲೇ ಶುರು ಮಾಡ್ತಿದ್ದೆ." ಹುಲಿಗೆಪ್ಪನಿಗೆ ಇದರಲ್ಲಿ ತಪ್ಪೇನು ಎಂದೇ ತಿಳಿಯಲಿಲ್ಲ. "ಕಾಯದ ಹ್ಯಾಂಗ ನಾದ ಬರಬೇಕ್ರಿ?"

ಇಂಪನಾ ಮೊದಲು ಬಿದ್ದು ಬಿದ್ದು ನಕ್ಕಳು. ಹಲಗೆಯ ವಿಷಯ ನಾನು ಬಿಡಿಸಿ ಹೇಳಿದ ಮೇಲೆ ಸುಮ್ಮನಾದಳು. ಕಂಪ್ಯೂಟರ್ ಹಲಗೆಯ ತದ್ವಿರುದ್ಧ ಎಂದು ಹೇಳಿದಳು. ಕಾದರೆ ತನ್ನ ಜೀವ ಉಳಿಸಿಕೊಳ್ಳಲು ಅದು ಕೆಲಸ ನಿಧಾನ ಮಾಡುತ್ತದಂತೆ. ತುಂಬಿಟ್ಟ ಹಲಗೆಯ ಪೆಟ್ಟುಗಳನ್ನು ಹೊತ್ತಿಗೆ ಸರಿಯಾಗಿ ಎತ್ತಿ ಕೊಡಲು ಆಗದೆ ನಡುವೆ ಕೂದಲೆಳೆಯಷ್ಟು ತೆರಪು ಬೀಳುತ್ತದೆ. ಆ ತೆರಪೇ ಚಿಟ್.

ಕೌದಿ ತೆಗೆದಳು. ಎರಡು ಪುಸ್ತಕದ ಮೇಲೆ ಅದನ್ನು ಎತ್ತರಿಸಿ ಇಟ್ಟಳು, ಕೆಳಗೆ ಗಾಳಿ ಆಡಲಿ ಎಂದು. ಚಿಟ್ ಕಡಿಮೆಯಾಯಿತು, ಹೋಗಲಿಲ್ಲ.

"ಬಫರ್ ತುಂಬಾ ಚಿಕ್ಕದು ಇಟ್ಟಿದೀರಾ," ಎಂದಳು. ಬಫರ್ ಎಂದರೇನು ಎಂದು ನಾನು ಕೇಳಿದೆ. "ಅಜ್ಜಿ, ಸೌಂಡ್ ಹೊರಗೆ ಹೋಗೋ ಮುಂಚೆ ಸ್ವಲ್ಪ ಸ್ವಲ್ಪ ಕೂಡಿಟ್ಕೊಳೋ ಜಾಗ. ಚಿಕ್ಕದಾದ್ರೆ ಬೇಗ ಖಾಲಿ ಆಗಿ ಕಟ್ ಆಗುತ್ತೆ. ದೊಡ್ಡದಾದ್ರೆ ಕಟ್ ಆಗಲ್ಲ, ಆದ್ರೆ ತಡ ಆಗುತ್ತೆ."

ಇದು ನನಗೆ ತಿಳಿಯಿತು. ಸ್ಲ್ಯಾಬ್ ಹಾಕುವ ದಿನ ಮೇಲೆ ನಿಂತವನ ಬಳಿ ಒಂದೇ ಬುಟ್ಟಿ ಇದ್ದರೆ, ಕೆಳಗೆ ಒಬ್ಬಳು ಸೀನಿದರೂ ಅವನ ಕೈ ಖಾಲಿ. ಹತ್ತಾರು ಬುಟ್ಟಿ ಕೂಡಿಟ್ಟುಕೊಂಡರೆ ಕೈ ಖಾಲಿಯಾಗುವುದಿಲ್ಲ, ಆದರೆ ಈಗ ಕಲಸಿದ ಮಾಲು ಸುರಿಯುವುದು ಯಾವಾಗಲೋ. ಇಂಪನಾ "ಕರೆಕ್ಟ್ ಅಜ್ಜಿ" ಎಂದು ನನ್ನ ಕೆನ್ನೆ ಹಿಂಡಿದಳು.

ಅವಳು ಬಫರ್ ದೊಡ್ಡದು ಮಾಡಿದಳು. ಹುಲಿಗೆಪ್ಪ ಬಾರಿಸಿದ, ತಟ್ಟನೆ ನಿಂತ. "ಬ್ಯಾಡ್ರಿ ಮೇಡಂ. ನಾ ಹೊಡದ ಮ್ಯಾಲ ಅದು ಬರ್ತದ. ಎತ್ತಿನ ಹಿಂದ ಗಾಡಿ ಬಂದಂಗ." ಅವಳು ಸ್ವಲ್ಪ ಸ್ವಲ್ಪವೇ ಚಿಕ್ಕದು ಮಾಡುತ್ತ ಬಂದಳು, ಅವನು ಬಾರಿಸುತ್ತ ಬಂದ. ನಡುವೆ ವೈಫೈ ಆರಿಸಿದಳು, ಹಿಂದೆ ಸುಮ್ಮನೆ ಓಡುತ್ತಿದ್ದ ಬೇರೆ ಕೆಲಸಗಳನ್ನೆಲ್ಲ ಮುಚ್ಚಿದಳು, ವಿದ್ಯುತ್ ಉಳಿಸಲು ಅದು ತೂಕಡಿಸದ ಹಾಗೆ ಏನೋ ಬದಲಿಸಿದಳು. ಒಂದು ಜಾಗದಲ್ಲಿ ಹುಲಿಗೆಪ್ಪ "ಈಗ ಕೈಗೂ ಕಿವಿಗೂ ಗಂಟು ಬಿತ್ತು ನೋಡ್ರಿ" ಎಂದ.

ಹೊಸದಾಗಿ ರೆಕಾರ್ಡ್ ಮಾಡುವ ಮುಂಚೆ ಅವಳು ಹಳೆಯದನ್ನು ತೆರೆದು ಪರದೆಯ ಮೇಲೆ ತೋರಿಸಿದಳು. ಸಪ್ಪಳವೆಲ್ಲ ಅಲ್ಲಿ ಉಬ್ಬುತಗ್ಗಿನ ಗೆರೆಯಾಗಿತ್ತು. ದೊಡ್ಡದು ಮಾಡಿದಾಗ ಚಿಟ್ ಬಂದ ಕಡೆ ಗೆರೆಯ ಮೇಲೆ ಒಂದು ಮುಳ್ಳು. "ನೋಡಿ, ಇದೇ ಕ್ಲಿಕ್."

ಹುಲಿಗೆಪ್ಪ ಮುಂದಕ್ಕೆ ಬಾಗಿದ. ಹಾಡು ಓಡುತ್ತಿದ್ದ ಹಾಗೆ ಬೆರಳು ಇಟ್ಟು ತೋರಿಸತೊಡಗಿದ. "ಹೌದ್ರಿ, ಇಲ್ಲಿ ಕೇಳ್ತದ. ಇಲ್ಲೊಂದು. ಇಲ್ಲಿ ನೋಡ್ರಿ, ಭಾಳ ಜೋರ್ ಅದ."

"ವಾವ್, ಏನ್ ಕಿವಿ ನಿಮ್ದು! ನಂಗೆ ಇದು ಮಿಸ್ ಆಗಿತ್ತು," ಎಂದಳು ಇಂಪನಾ.

ಅವನ ಕಣ್ಣು ಪರದೆ ಬಿಟ್ಟು ಅಲುಗಿರಲಿಲ್ಲ. ಗೆರೆಯ ಮೇಲೆ ಮುಳ್ಳು ಬರುವ ಮುಂಚೆಯೇ ಬೆರಳು ಎದ್ದು ಕಾಯುತ್ತಿತ್ತು. ನಾನು ರೇಣುವಿನ ಕಡೆ ನೋಡಿದೆ. ಅವಳು ಚಹಾ ತರುವ ನೆವದಲ್ಲಿ ಆ ಕಡೆ ತಿರುಗಿದ್ದಳು.

ಹೊಸ ರೆಕಾರ್ಡಿಂಗ್ ನೀಟಾಗಿ ಬಂತು. ಅನುಸೂಯಾ ಕೇಳಿ ಅವನಿಗೆ ಕೈಮುಗಿದಳು. ಚಾಳಿನಲ್ಲಿ ಎಲ್ಲರಿಗೂ ಯಂತ್ರ ಸುಧಾರಿಸಿದ ಖುಷಿ. ನನಗೆ ಮಾತ್ರ ಭಯ ಹೆಚ್ಚಾಯಿತು. ಚಿಟ್ ಇರುವ ತನಕ ಕೆಟ್ಟದ್ದು ಯಂತ್ರವೇ ಎಂದು ಅವನು ಹೇಳಬಹುದಿತ್ತು, ನಾವೂ ಹೂಂಗುಟ್ಟಬಹುದಿತ್ತು. ಈಗ ಆ ಮರೆಯೂ ಹೋಯಿತು.

ಆ ವಾರವೇ ಅವನ ಜೊತೆ ಸಂತೆಗೆ ಹೋಗಿದ್ದೆ. ಕೈಚೀಲ ಹೊತ್ತು ನನಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದ. ಕಾರ್ಖಾನೆಯ ಗೇಟಿನಿಂದ ಟೆಂಪೊ ಒಂದು ಹಿಂದಕ್ಕೆ ಬರುತ್ತಿತ್ತು. ಹಿಂದೆ ಬರುವಾಗ ಅವು ಪೀಂ ಪೀಂ ಎಂದು ಸಣ್ಣ ದನಿಯಲ್ಲಿ ಕೂಗುತ್ತವಲ್ಲ, ಹಾಗೆ ಕೂಗುತ್ತ ಬರುತ್ತಿತ್ತು. ರಸ್ತೆಯಲ್ಲಿದ್ದವರು ನಿಂತರು. ಒಂದು ನಾಯಿ ಕೂಡ ಸರಿಯಿತು. ಹುಲಿಗೆಪ್ಪ ಬದನೆಕಾಯಿಯ ರುಚಿಯ ಬಗ್ಗೆ ಏನೋ ಹೇಳುತ್ತ ನೇರ ಅದರ ಬೆನ್ನಿಗೆ ನಡೆದ. ಹೇಗೆ ಓಡಿದೆನೋ ತಿಳಿಯದು, ಅಂಗಿಯ ಹಿಂಭಾಗ ಹಿಡಿದು ಎಳೆದೆ. ಇಬ್ಬರೂ ಕಟ್ಟೆಗೆ ಬಿದ್ದೆವು. ಆಲೂಗಡ್ಡೆ ರಸ್ತೆಯ ತುಂಬ ಉರುಳಿದವು. ಡ್ರೈವರ್ ಇಳಿದು ಮರಾಠಿಯಲ್ಲಿ ಬೈದ, "ಬಹಿರಾ ಆಹೇಸ ಕಾ?" ಎಂದ. ಕಿವುಡನೇನೋ ಎಂದು.

ಹುಲಿಗೆಪ್ಪ ರಸ್ತೆಗೆ ಬಗ್ಗಿ ಆಲೂಗಡ್ಡೆಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದ.

ಮನೆಗೆ ಬಂದು ಎಲ್ಲವನ್ನೂ ರೇಣುವಿಗೆ ಹೇಳಿದೆ. ಅವಳು ಅಳಲಿಲ್ಲ. ಸಂಜೆ ಅವನು ಡ್ರಮ್ಮಿನ ಮುಂದೆ ಕುಳಿತಾಗ ಹಳೆಯ ರೆಕಾರ್ಡಿಂಗ್ ಹಚ್ಚಿ, ತನ್ನ ಸೆರಗು ಎಳೆದು ಪರದೆಯ ಮೇಲೆ ಹೊದಿಸಿದಳು.

"ಚಿಟ್ ಅಂದಾಗ ಬೆರಳು ಎತ್ರಿ."

"ಇದೇನ ಆಟ?"

"ಆಟ ಅಂತನ ತಿಳೀರಿ."

ಅವನು ನನ್ನ ಕಡೆ ನೋಡಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಅವನಿಗೆ ಹೆಡ್‌ಫೋನ್, ನಮಗೆ ಸ್ಪೀಕರು. ಹಾಡು ಶುರುವಾಯಿತು. ಅವನು ಕಣ್ಣು ಮುಚ್ಚಿದ, ಹಣೆ ಗಂಟಾಯಿತು. ಚಿಟ್ ಬಂತು, ಹೋಯಿತು. ಮತ್ತೊಂದು ಬಂತು. ಬೆರಳು ತೊಡೆಯ ಮೇಲೆ ಹಾಗೇ ಇತ್ತು. ಮತ್ತೊಂದು. ಕೊನೆಗೆ ಅವನು ಬೆರಳು ಎತ್ತಿದ. ಆಗ ಚಿಟ್ ಇರಲಿಲ್ಲ, ಬರೀ ಹಲಗೆ ಇತ್ತು. ಎತ್ತಿದ ಬೆರಳನ್ನು ತಾನೇ ಮೆಲ್ಲಗೆ ಇಳಿಸಿ ಹೆಡ್‌ಫೋನ್ ತೆಗೆದ.

"ಎಷ್ಟು ಸಲ ಬಂತು?"

ರೇಣು ಪರದೆಯ ಮೇಲಿನ ಸೆರಗು ಎಳೆದುಕೊಂಡಳು.

"ಹೇಳು."

"ಭಾಳ ಸಲ ಬಂತ್ರಿ."

ಅವನು ತನ್ನ ಎರಡೂ ಕೋಲುಗಳನ್ನು ಜೋಡಿಸಿ ಕೆಳಗಿಟ್ಟ. "ನಾ ಚಿಗಪ್ಪನಂಗ ಆಗ್ತೀನೇನು ಚಿಗವ್ವ?" ಎಂದು ಕೇಳಿದ. ನಾನು ಒಳಗೆ ಬಂದು ಆ ಕೋಲುಗಳನ್ನು ಎತ್ತಿ ಅವನ ಮಡಿಲಿಗೆ ಇಟ್ಟೆ.

ಕಿವಿ ತೋರಿಸುವ ಜಾಗವನ್ನು ಇಂಪನಾಳೇ ಹುಡುಕಿ ಕೊಟ್ಟಳು, ಪುಣೆಯ ಸದಾಶಿವ ಪೇಠದಲ್ಲಿ, ವಾಡೆ ಎನ್ನುವ ಒಂದು ಹಳೆಯ ದೊಡ್ಡ ಮನೆಯ ಪಕ್ಕದ ಮಾಳಿಗೆ. ಲೋಕಲ್ ರೈಲಿನಲ್ಲಿ ಶಿವಾಜಿನಗರಕ್ಕೆ ಹೋಗಿ ಅಲ್ಲಿಂದ ರಿಕ್ಷಾ. ದಾರಿಯುದ್ದಕ್ಕೂ ಹುಲಿಗೆಪ್ಪ ಕಿಟಕಿಯಾಚೆ ನೋಡುತ್ತಿದ್ದ. ಮೆಟ್ಟಿಲ ಬಳಿ ನಿಂತುಬಿಟ್ಟ. "ಕಾರ್ಖಾನಿಯವರಿಗೆ ಗೊತ್ತಾದರ ಲಾರಿ ಕೆಲಸ ತಗೀತಾರ. ದತ್ತೂಗ ಗೊತ್ತಾದರ ಬ್ಯಾರೇಯವನನ್ನ ನಿಲ್ಲಸ್ತಾನ. ಹೊಳ್ಳಿ ಹೋಗೂಣು." ರೇಣು ಅವನ ತೋಳು ಹಿಡಿದು "ಏರ್ರಿ" ಎಂದಳು, ಅಷ್ಟೇ.

ಅಲ್ಲಿ ಒಬ್ಬ ಹೆಣ್ಣುಮಗಳು ಅವನನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂಡಿಸಿದಳು. ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ. ದನಿ ಕೇಳಿದಾಗ ಗುಂಡಿ ಒತ್ತಬೇಕು. ನಾವಿಬ್ಬರೂ ಹೊರಗೆ ಅವಳ ಹಿಂದೆ ಕುಳಿತೆವು. ಅವಳ ಮುಂದಿನ ಯಂತ್ರದಲ್ಲಿ ಎರಡು ದೀಪ. ಅವಳು ದನಿ ಕಳಿಸಿದರೆ ಒಂದು ಹತ್ತುತ್ತದೆ, ಅವನು ಗುಂಡಿ ಒತ್ತಿದರೆ ಇನ್ನೊಂದು. ಮೊದಮೊದಲು ಎರಡೂ ಜೊತೆಗೇ ಹತ್ತಿದವು. ಒಂದು, ಇನ್ನೊಂದು. ಒಂದು, ಇನ್ನೊಂದು. ನನ್ನ ಎದೆ ಹಗುರಾಯಿತು. ಕಿವಿ ಚೆನ್ನಾಗಿದೆ, ನಾವೇ ಹುಚ್ಚರು ಎಂದುಕೊಂಡೆ. ರೇಣು ನನ್ನ ಕೈ ಒತ್ತಿದಳು.

ಆ ಹೆಣ್ಣುಮಗಳು ಏನೋ ಅನುಮಾನ ಬಂದವಳ ಹಾಗೆ ತಲೆ ಓರೆ ಮಾಡಿದಳು. ಯಂತ್ರದಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವಳ ದೀಪ ಆರಿತು. ಹುಲಿಗೆಪ್ಪನ ದೀಪ ಹತ್ತುತ್ತಲೇ ಇತ್ತು. ಹತ್ತಿತು, ಆರಿತು, ಹತ್ತಿತು. ಗಾಜಿನಾಚೆ ಅವನು ಕಣ್ಣು ಮುಚ್ಚಿಕೊಂಡು ನೆಟ್ಟಗೆ ಕುಳಿತು, ಬಾರದ ದನಿಗೆ ಗುಂಡಿ ಒತ್ತುತ್ತಿದ್ದ. ಅವಳು ದನಿ ಕಳಿಸುವುದಕ್ಕೆ ಒಂದು ನಡೆ ಇತ್ತು, ಇವನು ಅದನ್ನು ಹಿಡಿದುಬಿಟ್ಟಿದ್ದ. ಮೋಸ ಮಾಡಿದನೋ, ಹುಟ್ಟಿದಾಗಿನಿಂದ ತಾಳ ಹಿಡಿದ ಕೈ ತಾನೇ ಹಾಗೆ ಮಾಡಿತೋ, ಅವನಿಗೇ ಗೊತ್ತಿತ್ತೋ ಇಲ್ಲವೋ. ಖಾಲಿ ಕತ್ತಲಿಗೆ ಒಬ್ಬನೇ ತಾಳ ಹಾಕುತ್ತಿದ್ದ ಅವನನ್ನು ನೋಡಿ ನನಗೆ ಬಂದ ಭಯ, ಸೆಂಟ್ರಿಂಗ್ ಹಲಗೆ ಜಾರಿದ ದಿನದ ಭಯಕ್ಕಿಂತ ಕಡಿಮೆಯದಲ್ಲ.

ಅವಳು ಬಾಗಿಲು ತೆರೆದು, "ದಾದಾ, ತಾಲ ಧರೂ ನಕಾ. ಆವಾಜ ಆಲಾ ತರಚ ದಾಬಾ" ಎಂದಳು. ತಾಳ ಹಿಡಿಯಬೇಡಿ, ದನಿ ಬಂದರಷ್ಟೇ ಒತ್ತಿ. ಆಮೇಲೆ ಹೊತ್ತುಗೊತ್ತು ಇಲ್ಲದೆ, ಒಮ್ಮೆ ಬೇಗ, ಒಮ್ಮೆ ತಡಮಾಡಿ ದನಿ ಕಳಿಸಿದಳು. ದಪ್ಪ ದನಿಗಳಿಗೆ ಎರಡೂ ದೀಪ ಹತ್ತಿದವು. ದನಿ ಸಣ್ಣಗೆ, ಕೀಚಲಾಗುತ್ತ ಹೋದ ಹಾಗೆ ಅವಳ ದೀಪ ಒಂದೇ ಹತ್ತಿ ಹತ್ತಿ ಆರಿತು. ಎಡಗಿವಿಗೆ ಬಿದ್ದ ಪೆಟ್ಟು ಹೆಚ್ಚು, ಬಲಗಿವಿಯದು ಸ್ವಲ್ಪ ಕಡಿಮೆ.

ಕೊನೆಗೆ ಅವಳು ತೋರಿಸಿದ ಚಿತ್ರದಲ್ಲಿ ಗೆರೆ ಸಮನಾಗಿ ಬಂದು, ಸ್ಲ್ಯಾಬಿನ ಅಂಚಿಗೆ ಬಂದ ಹಾಗೆ, ಸರಕ್ಕನೆ ಕೆಳಗೆ ಬಿದ್ದಿತ್ತು. ದೊಡ್ಡ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ಹೀಗಾಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಬೇಕು, ಸ್ಪೀಕರ್ ಮುಂದೆ ಇನ್ನು ನಿಲ್ಲಬಾರದು ಎಂದಳು. ಡಾಕ್ಟರಿಗೆ ತೋರಿಸಲು ಚೀಟಿ ಕೊಟ್ಟಳು. ಹುಲಿಗೆಪ್ಪ ಒಂದೇ ಮಾತು ಕೇಳಿದ, ಮರಾಠಿ ನನಗಿಂತ ಚೆನ್ನಾಗಿ ಬಂದರೂ ನನ್ನ ಕಡೆ ತಿರುಗಿ, ಕನ್ನಡದಲ್ಲಿ. "ಹಲಗಿ ಇರ್ತದೇನು ಅಂತ ಕೇಳು ಚಿಗವ್ವ." ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ದಪ್ಪ ದನಿ ಈಗ ಇದೆ, ಕಾಯ್ದುಕೊಂಡರೆ ಇರುತ್ತದೆ ಎಂದಳು. ಕಾಯ್ದುಕೊಳ್ಳದಿದ್ದರೆ ಎಂದು ನಾವ್ಯಾರೂ ಕೇಳಲಿಲ್ಲ.

ಗಣಪತಿ ಹತ್ತಿರ ಬಂತು. ಮೆರವಣಿಗೆಯ ಮಾತಿಗೆ ದತ್ತು ಬಂದ. ದತ್ತು ಬಂದರೆ ಚಾಳಿನ ತುದಿಯಿಂದಲೇ ತಿಳಿಯುತ್ತದೆ, ಅಷ್ಟು ದೊಡ್ಡ ಬಾಯಿ. ಅವನ ಪಾರ್ಟಿಯವರೆಲ್ಲ ಹಾಗೆಯೇ, ಕಿರುಚಿಯೇ ಮಾತಾಡುವುದು. ಕುಡಿತದ ಹೆಚ್ಚಳವೋ ಹೆಸರು ಮಾಡಿದ ಸೊಕ್ಕೋ ಎಂದು ನಾವು ಹೆಂಗಸರು ಆಡಿಕೊಳ್ಳುತ್ತಿದ್ದೆವು.

"ಏ ಹುಲ್ಯಾ! ಈ ಸಲ ಸ್ಪೀಕರಿನ ಗ್ವಾಡಿ ಇನ್ನೂ ಎತ್ತರ ಅದ ಮಗನ! ಕಿಟಕಿ ಗಾಜು ಉಳಿಯಂಗಿಲ್ಲ ನೋಡು!"

ರೇಣು ಚಹಾ ಕೊಟ್ಟು ಹುಲಿಗೆಪ್ಪನ ಬಲಕ್ಕೆ ಕುಳಿತಳು. ಅವನು ಕಪ್ಪನ್ನೇ ನೋಡುತ್ತ ಹೇಳಿದ. "ದತ್ತು, ನಾ ಟ್ರಕ್ಕಿನ ಮ್ಯಾಲ ನಿಂದ್ರಂಗಿಲ್ಲ."

"ಯಾಕಪ್ಪಾ? ಮನಿಯಾಗ ಪರವಾನಿಗಿ ಸಿಗಲಿಲ್ಲೇನು?" ದತ್ತು ರೇಣುವಿನ ಕಡೆ ಕಣ್ಣು ಹೊಡೆದ. "ವೈನೀ, ನಾಕು ದಿನ ಕೊಡ್ರಿ, ಹೊಳ್ಳಿ ತಂದು ಒಪ್ಪಸ್ತೀನಿ."

"ನನ್ನ ಕಿವಿ ಹೋಗ್ಯಾವ ದತ್ತು."

ಮನೆಯವರ ಮುಂದೆ ಕೂಡ ಅವನು ಆ ಮಾತನ್ನು ಹೀಗೆ ಬಿಚ್ಚಿ ಆಡಿರಲಿಲ್ಲ. ದತ್ತು ಹೋ ಎಂದು ನಕ್ಕ. ನಾವ್ಯಾರೂ ನಗದ್ದು ಕಂಡು ಅವನ ನಗು ಅರ್ಧಕ್ಕೆ ನಿಂತಿತು. ಹುಲಿಗೆಪ್ಪ ಎಲ್ಲವನ್ನೂ ಹೇಳಿದ. ಚಿಟ್ ಸಪ್ಪಳ, ಟೆಂಪೊ, ಗಾಜಿನ ಕೋಣೆ. ಹೇಳುವಾಗ ಅವನ ದನಿ ಸೋಲಲಿಲ್ಲ. ಹೇಳಿ ಮುಗಿಸಿದ ಮೇಲೆ, ಹೊಡೆತಕ್ಕೆ ಕಾದವನ ಹಾಗೆ ತಲೆ ತಗ್ಗಿಸಿ ಕುಳಿತ.

ದತ್ತು ಕಪ್ಪು ಕೆಳಗಿಟ್ಟು ಎದ್ದ. ಹೊರಟೇ ಹೋದ ಎಂದುಕೊಂಡೆ. ಅವನು ಬಾಗಿಲು ಮುಂದೆ ಮಾಡಿ, ಹೊರಗೆ ಯಾರೂ ಇಲ್ಲವೆಂದು ನೋಡಿ, ಹೊಳ್ಳಿ ಬಂದು ಕುಕ್ಕರಗಾಲಿನಲ್ಲಿ ಕುಳಿತ. ಮಾತಾಡಿದಾಗ ಆ ದನಿ ದತ್ತುವಿನದೇ ಎಂದು ನನಗೆ ನಂಬಿಕೆಯಾಗಲಿಲ್ಲ. ಅಷ್ಟು ಸಣ್ಣಗಿತ್ತು.

"ನನ್ನ ಎಡಗಿವ್ಯಾಗ ಕುಂಯ್ ಅಂತದ. ಹ್ವಾದ ವರ್ಷದ ಗಣಪತಿಯಿಂದ ನಿಂತೇ ಇಲ್ಲ. ನಮ್ಮ ಪಾರ್ಟಿ ಭೀಮೂಗೂ ಅದ. ನಾವು ಹೊರಗ ಯಾರಿಗೂ ಹೇಳಿಲ್ಲ." ಅವನು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ. "ಆ ಕಿವಿ ನೋಡೋ ಹೆಣಮಗಳು ಎಲ್ಲಿ ಕೂಡ್ತಾಳ? ನನಗ ಅಂಜಿಕಿ ಬರ್ತದ, ನೀ ಬರ್ತೀಯೇನು ಜೋಡಿ?"

ಹುಲಿಗೆಪ್ಪ ಮುಂದಕ್ಕೆ ಬಾಗಿ ದತ್ತುವಿನ ತುಟಿಗಳನ್ನೇ ನೋಡುತ್ತಿದ್ದ. ಆಮೇಲೆ ರೇಣುವಿನ ಕಡೆ ತಿರುಗಿದ.

"ಏನಂದ?"

ರೇಣು ಅವನ ಬಲಗಿವಿಯ ಹತ್ತಿರ ಸರಿದು, ಒಂದೊಂದೇ ಮಾತು ಬಿಡಿಸಿ ಹೇಳತೊಡಗಿದಳು.